ಬಾಗಿಲ ಕೆಳಗಿನ ಸಂದು

ಈಜುಕೊಳದ ವಾಸನೆ, ಇಲ್ಲಿ, ಬೇಳೆ ಕುದಿಯುತ್ತಿರುವ ಒಲೆಯ ಮುಂದೆ, ಎಲ್ಲಿಂದ — ಮಾಲನ್ ಸೌಟು ಹಿಡಿದುಕೊಂಡೇ ಮೂಗೆತ್ತಿದಳು, ಹನ್ನೆರಡು ವರ್ಷ ಅಂಬರನಾಥದ ಈಜುಕೊಳದ ಕಟ್ಟೆ ತಿಕ್ಕಿದವಳ ಮೂಗು, ಅದು ಸುಳ್ಳು ಹೇಳದು, ಆದರೆ ಕೊಳವಿರುವುದು ಸ್ಟೇಷನ್ನಿನ ಆಚೆ, ಚಾಳಿನ ವಠಾರದ ಹಿಂದಿರುವುದು ಗುಜರಿ ಮಾತ್ರ, ನಿನ್ನೆ ತಾನೇ ಲಾರಿಯಿಂದ ಇಳಿಸಿದ್ದರಲ್ಲ, ತುಕ್ಕು ಹಿಡಿದ ಉದ್ದುದ್ದ ಸಿಲಿಂಡರುಗಳು, ಬೆಳಗಿನಿಂದ ಕಬ್ಬಿಣ ಕೊಯ್ಯುವ ಸದ್ದು ತಲೆ ತಿನ್ನುತ್ತಿತ್ತು, ಈಗ ಇಲ್ಲ, ಯಾವಾಗ ನಿಂತಿತು? ಕಿಟಕಿಗೆ ಬಂದು ಬಗ್ಗಿ ನೋಡಿದರೆ ಕೆಳಗೆ ಹಸಿರೋ ಹಳದಿಯೋ ತಿಳಿಯದ ಮಬ್ಬು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ತೆವಳುತ್ತಿದೆ, ಗುಜರಿಯ ಗಂಡಸರು ಲುಂಗಿ ಬಾಯಿಗೊತ್ತಿಕೊಂಡು ರಸ್ತೆಯ ಕಡೆ ಓಡುತ್ತಿದ್ದಾರೆ, ಒಬ್ಬ ಓಡುತ್ತಲೇ ಕುಸಿದ, ಇಬ್ಬರು ರಟ್ಟೆ ಹಿಡಿದು ಎಳೆದುಕೊಂಡು ಹೋದರು. ನೋಡು ಮಾಲನ್‌ಬಾಯಿ, ಈ ಕ್ಲೋರಿನ್ ಅನ್ನೋದು ಭಾರದ ಗಾಳಿ, ನೀರಿನ ಥರ ತಗ್ಗು ಹುಡುಕ್ಕೊಂಡು ಹರಿಯುತ್ತೆ, ಓಡೋದಾದ್ರೆ ಮೇಲಕ್ಕೆ ಓಡು — ಕೊಳದ ಪೆಡ್ನೇಕರ್ ಸಾಹೇಬರು ಪಾನ್ ಅಗಿಯುತ್ತ ಹೇಳಿದ್ದು, ಆಗ ನಕ್ಕಿದ್ದಳು, ಈಗ ಮೇಲಕ್ಕೆಲ್ಲಿ, ಈ ಚಾಳಿಗಿರುವುದೇ ಒಂದು ಮಹಡಿ, ಅದರ ಮೇಲೆ ತಗಡು, ಮೆಟ್ಟಿಲು ಇಳಿಯುವುದು ನೇರವಾಗಿ ಆ ಮಬ್ಬಿನೊಳಕ್ಕೇ, ಎಪ್ಪತ್ತೈದರ ಅತ್ತೆ, ಆಯಿ, ಮೊಣಕಾಲು ಹಿಡಿದುಕೊಂಡು ಒಂದು ಮೆಟ್ಟಿಲಿಳಿಯುವಷ್ಟರಲ್ಲಿ ಮೂರು ಸಲ ವಿಠ್ಠಲಾ ಅನ್ನುತ್ತಾಳೆ, ಮಗಳು ಕೆಲಸಕ್ಕೆ ಹೋಗಿದ್ದಾಳೆ, ಮಗಳ ಕೂಸು ಓವಿ ಚಾಪೆಯ ಮೇಲೆ ಚಮಚ ಕಚ್ಚುತ್ತ ಕೂತಿದೆ, ಎಂಟೇ ತಿಂಗಳು, ಅದರ ಎದೆಗೂಡು ಎಷ್ಟಿದ್ದೀತು, ಗುಬ್ಬಚ್ಚಿಯದಷ್ಟು — ಇಲ್ಲ, ಇಳಿಯುವುದಿಲ್ಲ, ಮುಚ್ಚು, ಎಲ್ಲ ಮುಚ್ಚು.

ಒಲೆ ಆರಿಸಿದಳು, ಫ್ಯಾನು ನಿಲ್ಲಿಸಿದಳು, ಕಿಟಕಿ ಎಳೆದು ಚಿಲಕ ಹಾಕಿದಳು, ಚಿಲಕದ ಪಕ್ಕ ಬೆರಳು ತೂರುವಷ್ಟು ಬಿರುಕು, ಕೂಸಿನ ಲಂಗೋಟಿಗಳನ್ನು ನೀರಲ್ಲದ್ದಿ ತುರುಕಿದಳು, ಅಡುಗೆಮನೆಯ ಹೊಗೆಕಿಂಡಿಗೆ ಗೋಧಿಹಿಟ್ಟಿನ ಪ್ಲಾಸ್ಟಿಕ್ ಚೀಲ, ಸುತ್ತ ಅಂಟುಪಟ್ಟಿ, ಹಲ್ಲಿನಲ್ಲೇ ಹರಿದಳು, ಬಚ್ಚಲ ತೂತಿಗೆ ಒದ್ದೆ ಗೋಣಿ, ಕೊನೆಗೆ ಬಾಗಿಲ ಕೆಳಗಿನ ಸಂದು, ಎಷ್ಟು ಅಗಲ ಹಾಳಾದ್ದು, ಇಲಿ ಬರುತ್ತೆ ಅಂತ ವರ್ಷದಿಂದ ಬಡಗಿಗೆ ಹೇಳುತ್ತಲೇ ಇದ್ದಾಳೆ, ದೊಡ್ಡ ಟವೆಲನ್ನು ತೋಯಿಸಿ ಸುರುಳಿ ಸುತ್ತಿ ಒತ್ತಿದಳು. ಆಯಿ, ಮಂಚದ ಮೇಲೆ ನಿಂತ್ಕೊಳ್ಳಿ, ಕೂಸನ್ನ ಎತ್ಕೊಳ್ಳಿ, ಗೋಡೆ ಕಡೆ ಮುಖ. ಈ ವಯಸ್ಸಲ್ಲಿ ಮಂಚದ ಮೇಲೆ ನಿಲ್ಲಿಸ್ತೀಯಲ್ಲೇ, ನಾನೇನು ಗಣಪತಿನಾ? ನಿಂತ್ಕೊಳ್ಳಿ ಆಯಿ, ಕಾಲಿಗೆ ಬೀಳ್ತೀನಿ. ಮುದುಕಿ ನಿಂತಳು, ಒದ್ದೆ ಸೆರಗು ಮೂಗಿಗೆ, ಕೂಸಿನ ಮುಖದ ಮೇಲೂ ಒದ್ದೆ ಬಟ್ಟೆ, ಕೂಸು ಅದನ್ನು ಕಿತ್ತು ಕಿತ್ತು ಹಾಕುತ್ತಿದೆ, ಆಟವೆಂದುಕೊಂಡಿದೆ.

ಆಗ ಬಾಗಿಲು ಬಡಿದ ಸದ್ದು. ಮಾಲನ್, ಮಾಲನ್, ನಾನು — ಹೌಸಾಬಾಯಿಯ ದನಿ, ಕೆಳಮನೆಯವಳು, ಒಂಟಿ, ಆಸ್ತಮಾದವಳು, ಆರು ತಿಂಗಳಿಂದ ಮಾತಿಲ್ಲದವಳು, ಓವಿಗೆ ಹೆಸರಿಟ್ಟಾಗ ಹಂಚಿದ ಪೇಡಾ ನೋಡಿ, ಅಪ್ಪ ಯಾರು ಅಂತ ಹೇಳೋಕಾಗದ ಕೂಸಿಗೆ ಪೇಡಾ ಬೇರೆ ಕೇಡು ಅಂತ ನಲ್ಲಿಯ ಮುಂದೆ ಎಲ್ಲರಿಗೂ ಕೇಳುವ ಹಾಗೆ ಅಂದವಳು, ಅದೇ ಬಾಯಿ ಈಗ ಮಾಲನ್ ಮಾಲನ್ — ತೆಗೆದರೆ ಗಾಳಿ ಒಳಗೆ, ಒಂದು ಸಲ ತೆಗೆದರೆ ಎಷ್ಟು ಬಂದೀತು, ಒಂದು ಕೊಡವೋ ಎರಡು ಕೊಡವೋ, ಕೂಸು ಎಷ್ಟು ಕುಡಿದೀತು, ಆಯಿಗೆ ಕಿವಿ ಮಂದ, ಏನೂ ಕೇಳಿಲ್ಲ, ಗೋಡೆಗೆ ವಿಠ್ಠಲಾ ಅನ್ನುತ್ತಿದ್ದಾಳೆ, ಈಗ ತಾನೊಬ್ಬಳೇ, ತೆಗೆಯದಿದ್ದರೆ ಯಾರಿಗೆ ಗೊತ್ತು, ಬಡಿತ ಕೆಳಗಿಳಿಯಿತು, ಬಾಗಿಲ ನಡುವಿಗೆ, ಬುಡಕ್ಕೆ, ನಿಂತಿತು, ಆಮೇಲೆ ಟವೆಲು ತಾನಾಗಿ ಅಲುಗಿತು, ಸಂದಿನಿಂದ ನಾಲ್ಕು ಬೆರಳು ಒಳಗೆ ಬಂದವು, ಭಾಕರಿ ರೊಟ್ಟಿಯ ಹಿಟ್ಟು ಮೆತ್ತಿದ ನಾಲ್ಕು ಬೆರಳು, ಮಾಲನ್ ಕೂತು ಅಂಗೈಯಿಟ್ಟು ಒತ್ತಿದಳು, ಟವೆಲನ್ನಲ್ಲ, ಬೆರಳುಗಳನ್ನು, ಹೊರಕ್ಕೆ, ಬಲವಾಗಿ, ಅವು ತಣ್ಣಗಿದ್ದವು, ಒಂದು ಸಲ ಅವಳ ಬೆರಳಿಗೆ ಸುತ್ತಿಕೊಂಡವು, ಜಾರಿ ಹೋದವು.

ಎಷ್ಟು ಹೊತ್ತು, ಹತ್ತು ಉಸಿರು, ಇಪ್ಪತ್ತು, ಮುದುಕಿಯ ಹೆಗಲ ಮೇಲಿಂದ ಕೂಸು ಇವಳನ್ನೇ ನೋಡುತ್ತಿತ್ತು, ಆಮೇಲೆ ಯಾರು ಎಬ್ಬಿಸಿದರೋ, ಎದ್ದಳು, ಆಯಿ ಉಸಿರು ಬಿಗಿಹಿಡೀರಿ ಎಂದು ಕಿರುಚಿ ಚಿಲಕ ತೆಗೆದಳು, ಹೌಸಾಬಾಯಿಯ ತಲೆ ಹೊಸ್ತಿಲಿನ ಮೇಲೆ ಧೊಪ್ಪನೆ ಬಿತ್ತು, ಕಂಕುಳಿಗೆ ಕೈಹಾಕಿ ಎಳೆದಳು, ಕಾಲಿನಿಂದಲೇ ಬಾಗಿಲು ಒದ್ದು ಮುಚ್ಚಿದಳು, ಟವೆಲು, ಮತ್ತೆ ಟವೆಲು, ಕಣ್ಣು ಉರಿ, ಗಂಟಲಲ್ಲಿ ಮುಳ್ಳು, ಕೊಡದ ನೀರನ್ನು ಆ ಮುಖದ ಮೇಲೆ ಸುರಿದಳು, ಕಣ್ಣಿಗೆ ಸುರಿದಳು, ಎತ್ತಿ ದಿಂಬಿಗೊರಗಿಸಿದಳು, ಮಂಚದ ಮೇಲೆ ಕೂಸು ಕೆಮ್ಮಿತು, ಒಂದು, ಎರಡು, ಮೂರು, ಮಾಲನ್ ನಾಲ್ಕನೆಯದಕ್ಕೆ ಕಾದಳು, ಅದು ಅತ್ತಿತು, ಜೋರಾಗಿ, ಅಳಲಿ, ಅಳಲಿ.

ಮಧ್ಯಾಹ್ನಕ್ಕೆ ಅಗ್ನಿಶಾಮಕದವರು ನೀರು ಹಾರಿಸಿ ಮಬ್ಬನ್ನು ನೆಲಕ್ಕಿಳಿಸಿದರು, ಬಾಗಿಲು ತೆಗೀಬಹುದು ಎಂದು ಕೂಗಿದರು, ಹೌಸಾಬಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದರು, ಆಸ್ಪತ್ರೆಗೆ, ಬದುಕುತ್ತಾಳೆ ಎಂದರು, ಕೂಸಿನ ಎದೆಗೆ ಕೊಳವೆಯಿಟ್ಟು ಕೇಳಿದ ಡಾಕ್ಟರು ಏನಿಲ್ಲ ಅಜ್ಜಿ, ಚೆನ್ನಾಗಿದೆ ಎಂದು ನಕ್ಕರು, ಚಾಳಿನವರೆಲ್ಲ ಮಾಲನ್, ಮಾಲನ್, ಎಂಥ ಎದೆಗಾರಿಕೆ ನಿಂದು, ಶತ್ರುವಿಗೂ ಬಾಗಿಲು ತೆಗೆದೆಯಲ್ಲ — ಅದಕ್ಕೂ ಮೊದಲು, ಮೆಟ್ಟಿಲ ತಿರುವಿನಲ್ಲಿ, ಆಮ್ಲಜನಕದ ಮುಸುಕು ಸರಿಸಿ ಹೌಸಾಬಾಯಿ ಅವಳ ಕೈ ಎಳೆದುಕೊಂಡಿದ್ದಳು, ನನ್ ಬಾಯಿ ಕೆಟ್ಟದ್ದು ಕಣೇ, ತಪ್ಪು ತಿಳ್ಕೋಬೇಡ, ಬಡಿಯೋಕೂ ತ್ರಾಣ ಇರ್ಲಿಲ್ಲ, ಸಂದಿನಲ್ಲಿ ಕೈ ತೂರಿಸ್ದೆ, ನೀನು ಹಿಡ್ಕೊಂಡೆ ನೋಡು, ಆ ಹಿಡ್ಕೊಂಡೆಯಲ್ಲ, ಅದ್ರಿಂದ್ಲೇ ಜೀವ ಉಳೀತು — ಹೌಸಾಬಾಯಿ ಹಿಡ್ಕೊಂಡೆ ಅಂದಳು, ಮಾಲನ್ ಹೂಂ ಅಂದಳು, ಹೂಂ ಅಂದುಬಿಟ್ಟಳು, ಈಗ ಬೇಳೆ ಮತ್ತೆ ಒಲೆಯ ಮೇಲಿದೆ, ಕಿಟಕಿ ತೆರೆದಿದೆ, ಒಳ್ಳೆಯ ಗಾಳಿ, ಕೂಸು ಮಲಗಿದೆ, ಎರಡು ಸಲ ಸೋಪು ಹಾಕಿ ತೊಳೆದರೂ ಅಂಗೈಗೆ ಮೆತ್ತಿಕೊಂಡಿರುವಂತಿದೆ, ಹಿಟ್ಟು, ನಾಲ್ಕು ಬೆರಳು, ತಣ್ಣಗೆ, ಒಂದು ಸಲ ಸುತ್ತಿಕೊಂಡು, ನಾಲ್ಕು ಬೆರಳು —