ಮೂರು ಹಳೆಯ ಬರಹಗಳು

ಪೇಟೆಂಟ್ ಕಚೇರಿಯ ಪರೀಕ್ಷಕರು ತಿರಸ್ಕಾರದ ಆದೇಶವನ್ನು ಬರೆದು ಮುಗಿಸಿದ್ದರು. ರುಜು ಮಾತ್ರ ಬಾಕಿ ಇತ್ತು. ಅರ್ಜಿ ಸೊಂಟದ ಕೃತಕ ಕೀಲಿನದು. ಲೋಹದ ಮೇಲೆ ಎಲುಬು ಹಿಡಿದುಕೊಳ್ಳುವ ಲೇಪ, ಆ ಲೇಪದೊಳಗೆ ನಂಜು ತಡೆಯುವ ಔಷಧ. ಅರ್ಜಿದಾರಳು ಅದನ್ನು ರೂಪಿಸಿದ್ದು ಅಣ್ಣನ ಸೊಂಟವನ್ನು ನಂಜಿನಿಂದಾಗಿ ಮತ್ತೆ ಮತ್ತೆ ಕೊಯ್ಯಬೇಕಾಗಿ ಬಂದ ಮೇಲೆ. ಪೇಟೆಂಟ್ ಸಿಗದಿದ್ದರೆ ತನ್ನ ಪುಟ್ಟ ಕಾರ್ಯಾಗಾರಕ್ಕೆ ಬೀಗ ಹಾಕುವುದೇ ಸರಿ ಎಂದು ವಿಚಾರಣೆಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದ್ದಳು.

ಆದರೆ ಕನಿಕರ ನಿಯಮವಲ್ಲ. ಕಸುಬು ಬಲ್ಲವರಿಗೆ ತಾನಾಗಿಯೇ ಹೊಳೆಯುವಂಥದಕ್ಕೆ ಪೇಟೆಂಟ್ ಇಲ್ಲ. ಮೂರು ಹಳೆಯ ಬರಹಗಳು ಪರೀಕ್ಷಕರ ಮೇಜಿನ ಮೇಲಿದ್ದವು: ಕುಲುಮೆಯಲ್ಲಿ ಕಾಸಿ ಕೂರಿಸುವ ಲೇಪ ಒಂದರಲ್ಲಿ, ಔಷಧ ಇನ್ನೊಂದರಲ್ಲಿ, ಕೃತಕ ಹಲ್ಲು ಕೂರಿಸಲು ದವಡೆಗೆ ಹಾಕುವ ಮೊಳೆಯ ಮೇಲೆ ತಣ್ಣೀರಿನಲ್ಲೇ ಬೆಳೆಸುವ ಲೇಪ ಮೂರನೆಯದರಲ್ಲಿ. ಸೊಂಟದ ಕೀಲಿನ ಮೇಲೆ ಲೇಪವನ್ನು ತಣ್ಣೀರಿನಲ್ಲೇ ಬೆಳೆಸುತ್ತ ಅದರೊಳಗೇ ಔಷಧ ಸೇರಿಸಿದ ಆಕೆ ಕೂಡಿಸಿದ್ದು ಇವನ್ನೇ. ಕೀಲು ತಯಾರಿಕೆಯಲ್ಲಿ ಪಳಗಿದ, ಎಲ್ಲರೂ ಅಕ್ಕ ಎನ್ನುತ್ತಿದ್ದ ಹಿರಿಯ ಸಹೋದ್ಯೋಗಿಯೂ ಕೇಳಿದ ಕೂಡಲೇ ಹೌದೆಂದಿದ್ದರು.

ಆದೇಶವನ್ನು ಓದಿ ನೋಡಿದ ಅಕ್ಕ ಕನ್ನಡಕ ತೆಗೆದರು. "ತಣ್ಣೀರಲ್ಲಿ ಬೆಳೆಸೋ ಲೇಪಕ್ಕೆ ಔಷಧ ಸೇರಿಸಬಹುದಾ ಅಂತ ತಾನೇ ನೀನು ಕೇಳಿದ್ದು? ತುತ್ತು ಬಾಯಿಗಿಟ್ಟು ನುಂಗ್ತೀಯಾ ಅಂದ್ರೆ ಹೂಂ ಅನ್ನದೆ ಇನ್ನೇನನ್ನಲಿ, ತಮ್ಮಾ?"

ಪರೀಕ್ಷಕರ ಮುಖ ಚಿಕ್ಕದಾಯಿತು. ಅವರು ಮೊದಲು ಅರ್ಜಿ ಓದಿ, ಆಮೇಲೆ ಹಳೆಯ ಬರಹಗಳನ್ನು ಹುಡುಕಿದ್ದರು. ಉತ್ತರ ಕೈಯಲ್ಲಿ ಹಿಡಿದು ಲೆಕ್ಕ ಮಾಡಿದವನಿಗೆ ಯಾವ ಲೆಕ್ಕವೂ ಕಠಿಣವಲ್ಲ.

ಪಕ್ಕದ ಕೋಣೆಯಲ್ಲಿದ್ದ, ದಾಡಿಯವರೆಂದೇ ಹೆಸರಾದ ಸಹೋದ್ಯೋಗಿಯೂ ಅದೇ ಕಸುಬಿನಿಂದ ಬಂದವರು, ಅರ್ಜಿಯನ್ನು ಕಂಡವರಲ್ಲ. ಪರೀಕ್ಷಕರು ಅವರಿಗೆ ಮೂರೂ ಬರಹಗಳನ್ನು ಕೊಟ್ಟು ಸಮಸ್ಯೆಯನ್ನಷ್ಟೇ ಹೇಳಿದರು: ಕೀಲು ಎಲುಬಿಗೆ ಹಿಡಿಯಬೇಕು, ನಂಜೂ ಆಗಬಾರದು.

ದಾಡಿಯವರು ಮಧ್ಯಾಹ್ನವೆಲ್ಲ ತಲೆ ಕೆರೆದುಕೊಂಡರು. ಕುಲುಮೆಗೆ ಹಾಕಿದರೆ ಔಷಧ ಸುಟ್ಟು ಬೂದಿ. ಆಮೇಲೆ ಸವರಿದರೆ ರಕ್ತದಲ್ಲಿ ತೊಳೆದುಹೋಗುತ್ತದೆ ಎಂದರು. ಹಲ್ಲಿನ ಬರಹವನ್ನು ಬದಿಗೆ ಸರಿಸಿದರು: ಅಷ್ಟು ಮೆತ್ತನೆಯ ಲೇಪ ಸೊಂಟದ ಭಾರಕ್ಕೆ ನಿಲ್ಲದೆಂಬುದು ಕಸುಬಿನವರೆಲ್ಲರ ನಂಬಿಕೆ. ಕೊನೆಗೆ ಕೈಚೆಲ್ಲಿದರು.

ಆಗ ಪರೀಕ್ಷಕರು ಅರ್ಜಿಯನ್ನೂ, ಆ ಲೇಪ ಭಾರ ತಾಳಿದ್ದನ್ನು ತೋರಿಸುವ ಪರೀಕ್ಷಾ ಫಲಿತಾಂಶಗಳನ್ನೂ ಅವರ ಮುಂದಿಟ್ಟರು. ದಾಡಿಯವರು ಓದಿ ಹಣೆ ಚಚ್ಚಿಕೊಂಡರು. "ಇಷ್ಟೇನಾ? ಇದು ನನಗೂ ಹೊಳೀಬೇಕಿತ್ತು."

"ಹೊಳೀಲಿಲ್ಲವಲ್ಲ" ಎಂದರು ಪರೀಕ್ಷಕರು. ತಮ್ಮ ಕೋಣೆಗೆ ಮರಳಿ, ಬರೆದಿದ್ದ ಆದೇಶವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಮಂಜೂರಾತಿಯನ್ನು ಬರೆಯತೊಡಗಿದರು.