ಹೊಗೆಗೂಡು ಕಾಣುವಷ್ಟು ದೂರ

ಹಡಗಿನಲ್ಲಿ ದ್ವೀಪಗಳಿಗೆಲ್ಲ ಹೋಗಿ ಬಂದಿರಂತೆ, ಏನೇನು ನೋಡಿದಿರಿ ಎಂದು ಕೇಳುವವರಿಗೆ ನಾನು ಒಂದೇ ಉತ್ತರ ಕೊಡುತ್ತೇನೆ. ಹಡಗು ನೋಡಿದೆವು. ಮೊದಲ ದ್ವೀಪದಲ್ಲಿ ಹಡಗನ್ನು ಎಡಗಡೆಯಿಂದ ನೋಡಿದೆವು, ಎರಡನೆಯದರಲ್ಲಿ ಬಲಗಡೆಯಿಂದ. ಮೂರನೆಯದರಲ್ಲಿ ಮಳೆ ಬಂತು, ಬಂದರಿನ ಅಂಗಡಿಯ ಕಿಟಕಿಯೊಳಗಿಂದ ನೋಡಿದೆವು. ಕೊನೆಯದರಲ್ಲಿ ಹಿಂದಿನಿಂದ ನೋಡಿದೆವು, ಆ ಕತೆ ಬೇರೆ.

ಇದಕ್ಕೆಲ್ಲ ಕಾರಣ ನಮ್ಮ ಮನೆಯವರು. ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ನಿವೃತ್ತಿಯಾಗಿದೆ ಎಂದು ಸರ್ಕಾರ ಹೇಳುತ್ತದೆ, ಅವರ ಕೈಗಡಿಯಾರಕ್ಕೆ ಮಾತ್ರ ಇನ್ನೂ ಆ ಸುದ್ದಿ ಮುಟ್ಟಿಲ್ಲ. ಕುಕ್ಕರ್ ತಡವಾಗಿ ಕೂಗಿದರೂ ಕಾರಣ ಕೇಳುವ ಮನುಷ್ಯ. ಮಗಳು ಅಳಿಯ ಸೇರಿಕೊಂಡು, "ಅಪ್ಪ ಅಮ್ಮ ಒಂದ್ಸಲ ಆರಾಮಾಗಿ ಸುತ್ತಾಡಿ ಬರ್ಲಿ" ಎಂದು ನಮ್ಮನ್ನು ಈ ಹಡಗು ಹತ್ತಿಸಿದರು. ಆರಾಮಾಗಿ ಅಂತೆ! ಪಾಪ, ಮಕ್ಕಳಿಗೆ ಅಪ್ಪನ ವಿಷಯ ಏನೂ ಗೊತ್ತಿಲ್ಲ.

ನನಗೆ ಬೇಕಾಗಿದ್ದು ಒಂದೇ. ಸಮುದ್ರದಲ್ಲಿ ಕಾಲಿಡಬೇಕು. ಮದುವೆಯಾದಾಗಿನಿಂದ ಒಂದು ಕ್ವಾರ್ಟರ್ಸಿನಿಂದ ಇನ್ನೊಂದು ಕ್ವಾರ್ಟರ್ಸಿಗೆ ಪಾತ್ರೆ ಪಗಡ ಹೊತ್ತವಳು ನಾನು. ಇವರಿಗೆ ವರ್ಗವಾದ ಊರಲ್ಲೆಲ್ಲ ಹಳಿ, ಜಲ್ಲಿಕಲ್ಲು, ಸಿಗ್ನಲ್ ಕಂಬ. ಸಮುದ್ರ ಕಂಡದ್ದು ಕ್ಯಾಲೆಂಡರಿನಲ್ಲಿ. ಈಗ ನೋಡಿದರೆ ದಿನಗಟ್ಟಲೆ ಸಮುದ್ರದ ಮೇಲೇ ಇದ್ದೇವೆ, ಕಾಲಿನ ಕಿರುಬೆರಳೂ ಒದ್ದೆಯಾಗಿಲ್ಲ! ಹಡಗಿನ ಮಹಡಿಯಲ್ಲಿ ಈಜುಕೊಳವೇನೋ ಇತ್ತು. ಅದರ ನೀರಿಗೆ ಆಸ್ಪತ್ರೆಯ ವಾಸನೆ.

ಬಂದರು ಬಂದಾಗಲೆಲ್ಲ ಹಡಗಿನ ಕಡೆಯವಳೊಬ್ಬಳು ಮೈಕ್ ಹಿಡಿದು ಬರುತ್ತಿದ್ದಳು. ಎದ್ದರೂ ಬಿದ್ದರೂ ನಗುವವಳು. ನಾನು ನಗುಮುಖಿ ಎಂದು ಹೆಸರಿಟ್ಟಿದ್ದೆ.

"ಈ ದ್ವೀಪದಲ್ಲಿ ಮಾಡ್ಲೇಬೇಕಾದ್ದು ತುಂಬಾ ಇದೆ! ಹೆಸರಿನ ಬೋರ್ಡ್ ಮುಂದೆ ಫೋಟೋ ತೆಗೆಸ್ಕೊಳ್ಳಿ. ತೆಂಗಿನ ಮರಕ್ಕೆ ಒರಗಿ ಫೋಟೋ ತೆಗೆಸ್ಕೊಳ್ಳಿ. ಗಿಳಿ ಜೊತೆ ತೆಗೆಸ್ಕೊಳ್ಳೋದು ಮರೀಬೇಡಿ. ಆಮೇಲೆ ಟೈಮ್ ಉಳಿದ್ರೆ ದ್ವೀಪ ನೋಡಿ! ಒಂದು ಮಾತು ಮಾತ್ರ ನೆನಪಿರ್ಲಿ, ಹಡಗು ಯಾರಿಗೂ ಕಾಯಲ್ಲ."

ಇವರ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಮುಖ ಊರಗಲವಾಯಿತು. "ನೋಡು, ಕೆಲಸ ಗೊತ್ತಿರೋ ಜನ ಇವರು" ಎಂದರು.

ಯಾರಿಗೂ ಕಾಯಲ್ಲ ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಗಳು ಕೈಗೂಸಾಗಿದ್ದಾಗ ಒಂದು ಬೆಳಿಗ್ಗೆ, ನನ್ನ ಅಪ್ಪನಿಗೆ ತೀರಾ ಹುಷಾರಿಲ್ಲ, ಕೂಡಲೇ ಹೊರಟು ಬಾ ಎಂದು ಸುದ್ದಿ ಬಂತು. ನಮ್ಮ ಕ್ವಾರ್ಟರ್ಸ್ ಸ್ಟೇಷನ್ನಿನ ಬೆನ್ನಿಗೇ ಇತ್ತು. ಮಗುವಿನ ಬಟ್ಟೆ ಚೀಲಕ್ಕೆ ತುರುಕಿ, ಮಗುವನ್ನು ಸೊಂಟಕ್ಕೇರಿಸಿ ಓಡಿದೆ. ನಾನು ಓಡಿ ಬರುತ್ತಿರುವುದು ಇವರಿಗೆ ಕಾಣುತ್ತಿತ್ತು. ಕಂಡೂ ಹಸಿರು ಬಾವುಟ ಎತ್ತಿದರು! ನಾನು ಪ್ಲಾಟ್‌ಫಾರ್ಮಿನ ಮೇಲೆ ನಿಂತೆ, ರೈಲು ಹೋಯಿತು. "ರೈಲೇನು ನಮ್ಮನೆ ಗಾಡಿ ಅಲ್ವಲ್ಲೇ" ಎಂದರು. ನಾನು ಮಾರನೆಯ ದಿನದ ರೈಲಿಗೆ ಹೋದೆ. ಅಪ್ಪ ಅಷ್ಟು ಹೊತ್ತು ಉಳಿದಿರಲಿಲ್ಲ. ಅದನ್ನು ನಾನು ಎತ್ತಿ ಆಡಿಲ್ಲ, ಮರೆತೂ ಇಲ್ಲ. ಇವರಿಗೆ ನೆನಪಿದೆಯೋ ಇಲ್ಲವೋ ಎಂದು ಕೇಳುವ ಧೈರ್ಯವೂ ಬರಲಿಲ್ಲ.

ಇಂಥ ಮನುಷ್ಯನ ಜೊತೆ ದ್ವೀಪ ನೋಡುವುದಕ್ಕೆ ಒಂದು ಕಾನೂನಿತ್ತು. ಎಲ್ಲಿಗೆ ಹೋದರೂ ಹಡಗಿನ ಹೊಗೆಗೂಡು ಕಣ್ಣಿಗೆ ಕಾಣುತ್ತಿರಬೇಕು. ಮರೆಯಾಯಿತೋ, ತಿರುಗು ವಾಪಸ್. ಪಾಸ್‌ಪೋರ್ಟು, ಟಿಕೆಟ್ಟು ಎಲ್ಲ ಹೊಟ್ಟೆಗೆ ಕಟ್ಟಿಕೊಂಡ ಚೀಲದಲ್ಲಿ. ಹೊಗೆಗೂಡು ಕಾಣುವಷ್ಟು ದೂರದಲ್ಲಿ ಇರುವುದೇನು? ಅಂಗಡಿ. ಕಟ್ಟೆಯ ಕೆಳಗೆ ಇಣುಕಿದರೆ ಎಣ್ಣೆ ತೇಲುವ ಕಪ್ಪು ನೀರು, ಅದರಲ್ಲಿ ಅರ್ಧ ಮುಳುಗಿದ ಒಂದು ಚಪ್ಪಲಿ. ಬೋರ್ಡು, ತೆಂಗಿನ ಮರ, ಗಿಳಿ ಎಲ್ಲ ಅಲ್ಲೇ ಸಾಲಾಗಿ. ಮೂರು ದ್ವೀಪದಲ್ಲೂ ಅದೇ ಗಿಳಿ, ಅದೇ ಸಿಡುಕು ಮೋರೆ. ಅದೂ ನಮ್ಮ ಹಡಗಿನಲ್ಲೇ ಬರುತ್ತಿದೆಯೇನೋ ಎಂದು ನನಗೆ ಅನುಮಾನ.

ಊಟದ ಮೇಜಿನಲ್ಲಿ ನಮ್ಮ ಎದುರು ಕೂರುತ್ತಿದ್ದಾಕೆ ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಕೊಳ್ಳುವುದಕ್ಕೆಂದೇ ಲೋಕ ಸುತ್ತುವವರು. ಅವರಿಗೆ ಮ್ಯಾಗ್ನೆಟ್ಟಮ್ಮ ಎಂದು ಹೆಸರಿಟ್ಟೆ. "ಅಕ್ಕಾ, ಈ ದ್ವೀಪ ಸಿಕ್ತು!" ಎಂದು ತೋರಿಸುವರು. ಕೈಯಲ್ಲಿ ಹಿಡಿದ ಮೇಲೆ ದ್ವೀಪ ಯಾಕೆ ನೋಡಬೇಕು? ಅವರದೂ ನ್ಯಾಯವೇ.

ಕೊನೆಯ ದ್ವೀಪದಲ್ಲಿ ನನಗೆ ತಡೆಯಲಾಗಲಿಲ್ಲ.

"ಇವತ್ತಾದ್ರೂ ಸಮುದ್ರಕ್ಕೆ ಹೋಗೋಣ ರೀ."

"ಇದೊಳ್ಳೆ ಕತೆ ಆಯ್ತಲ್ಲ! ಸುತ್ತ ಇರೋದು ಮತ್ತೇನು?"

"ಇದು ನೋಡೋ ಸಮುದ್ರ. ನಂಗೆ ಕಾಲಿಡೋ ಸಮುದ್ರ ಬೇಕು."

"ಅದು ಗುಡ್ಡದ ಆಚೆಗಂತೆ ಕಣೇ. ಹೊಗೆಗೂಡು ಕಾಣಲ್ಲ."

"ಹಾಗಾದ್ರೆ ನೀವು ಹಡಗು ಕಾಯ್ಕೊಂಡಿರಿ. ನಾನು ಹೋಗ್ತೀನಿ."

"ತಡ ಆದ್ರೆ?"

"ತಡ ಆದ್ರೆ ಬಾವುಟ ತೋರಿಸಿ ಹೊರಟುಬಿಡಿ. ಅಭ್ಯಾಸ ಇದೆಯಲ್ಲ!"

ಇಷ್ಟು ವರ್ಷ ಒಳಗಿದ್ದದ್ದು ಹೀಗೆ ಬಾಯಿಂದ ಜಾರಿಬಿಟ್ಟಿತು. ಇವರ ಮುಖ ಇಷ್ಟೇ ಇಷ್ಟಾಯಿತು. ನಾನು ತಿರುಗಿಯೂ ನೋಡದೆ ಮ್ಯಾಗ್ನೆಟ್ಟಮ್ಮನ ಜೊತೆ ವ್ಯಾನ್ ಹತ್ತಿದೆ.

ವ್ಯಾನಿನವನು ಮೊದಲು ಮೀನುಗಾರರ ಹಳ್ಳಿ ತೋರಿಸಿದ. ಅದು ಅಂಗಡಿ. ಬಾಗಿಲಿಗೆ ಬಲೆ ನೇತು ಹಾಕಿದ್ದರು, ಬೆಲೆಚೀಟಿ ಸಮೇತ. ಆಮೇಲೆ ದ್ವೀಪದ ಅತಿ ಹಳೆಯ ಮರ ತೋರಿಸಿದ. ಮರ ಕಾಣಬೇಕಾದರೆ ಅಂಗಡಿಯ ಒಳಗಿಂದ ಹಾದು ಹೋಗಬೇಕು. ಆಮೇಲೆ ಗುಡ್ಡದ ನೆತ್ತಿ. ಅಲ್ಲಿ ಎಲ್ಲರೂ ಓಹೋ ಎಂದು ಇಳಿದು ಕೆಳಗೆ ಬಂದರಿನಲ್ಲಿ ನಿಂತ ಹಡಗಿನ ಫೋಟೋ ತೆಗೆದರು. ಅಯ್ಯೋ ನನ್ನ ಕರ್ಮವೇ!

ಕಡೆಗೂ ಸಮುದ್ರ ಬಂತು. "ಬೇಗ ಒಂದು ಫೋಟೋ ತೆಗೊಳ್ಳಿ, ಹೊರಡೋಣ" ಎಂದ ವ್ಯಾನಿನವನು. ಎಲ್ಲರೂ ಸಮುದ್ರಕ್ಕೆ ಬೆನ್ನು ಹಾಕಿ ನಿಂತು, ನಕ್ಕು, ವ್ಯಾನಿಗೆ ವಾಪಸಾದರು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿದೆ.

ಏನು ಹೇಳಲಿ! ನೀರು ಬೆಚ್ಚಗಿತ್ತು. ಅಲೆ ಹಿಂದೆ ಹೋಗುವಾಗ ಪಾದದ ಅಡಿಯ ಮರಳು ಮೆಲ್ಲಗೆ ಜಾರುತ್ತಿತ್ತು, ಬಿದ್ದೇಬಿಟ್ಟೆ ಎನ್ನುವಷ್ಟರಲ್ಲಿ ಇನ್ನೊಂದು ಅಲೆ ಬರುತ್ತಿತ್ತು. ಬಟ್ಟೆ ಮೊಣಕಾಲ ತನಕ ನೆನೆಯಿತು. ಚಿಕ್ಕ ಮಗುವಿನ ಹಾಗೆ ಒಬ್ಬಳೇ ನಕ್ಕೆ. ಆಮೇಲೆ ಯಾಕೋ ಅಳು ಬಂತು, ಅತ್ತೂ ಅತ್ತೆ.

"ಅಕ್ಕಾ, ಬನ್ನಿ! ಹಡಗು ತಪ್ಪುತ್ತೆ!" ಎಂದು ಮ್ಯಾಗ್ನೆಟ್ಟಮ್ಮ ಕೂಗಿದರು.

"ನೀವು ಹೊರಡಿ. ನಾನು ಬಸ್ಸಲ್ಲಿ ಬರ್ತೀನಿ."

ಆ ಬಸ್ಸೋ! ಹತ್ತಿ ಕೂತ ಮೇಲೆ ಗೊತ್ತಾಯಿತು, ಅದು ಎಲ್ಲರಿಗೂ ಕಾಯುವ ಬಸ್ಸು. ಒಬ್ಬಳು ಮನೆಯ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬಂದೆ, ತಲೆ ಬಾಚ್ತಿದೀನಿ" ಎಂದರೆ ಕಾಯಿತು. ಮುದುಕರೊಬ್ಬರು ಗೇಟಿನ ತನಕ ಬಂದು, ಕನ್ನಡಕಕ್ಕೆಂದು ಒಳಗೆ ಹೋದರೆ ಅದಕ್ಕೂ ಕಾಯಿತು. ಯಾರೂ ಚಕಾರ ಎತ್ತಲಿಲ್ಲ. ನಾನು ಕೂತಲ್ಲೇ ಚಡಪಡಿಸಿದೆ. "ಸ್ವಲ್ಪ ಬೇಗ ಹೋಗಪ್ಪಾ, ಹಡಗಿದೆ" ಎಂದೆ. ಡ್ರೈವರ್ ದೂರದಲ್ಲೊಬ್ಬ ಹೆಂಗಸನ್ನು ತೋರಿಸಿ, "ಅವರು ಪಾಪ ಓಡಿ ಬರ್ತಿದಾರಲ್ಲಮ್ಮ" ಎಂದ.

ಗುಡ್ಡ ಇಳಿಯುವಾಗ ಹಡಗು ಕೂಗುವುದು ಕೇಳಿಸಿತು. ಬಸ್ಸು ಬಂದರು ಮುಟ್ಟುವ ಹೊತ್ತಿಗೆ ಹಡಗು ಕಟ್ಟೆ ಬಿಟ್ಟಾಗಿತ್ತು. ಮೇಲಿನ ಮಹಡಿಯಿಂದ ಮ್ಯಾಗ್ನೆಟ್ಟಮ್ಮ ಎರಡೂ ಕೈ ಬೀಸಿ ಏನೋ ಅರಚುತ್ತಿದ್ದರು. ಪಕ್ಕದಲ್ಲಿ ನಗುಮುಖಿ, ಮೊದಲ ಸಲ ನಗದೆ ನಿಂತಿದ್ದಳು. ಈ ಮನುಷ್ಯ ಈ ಸಲವೂ ಹೊರಟೇಬಿಟ್ಟರು ಎಂದುಕೊಂಡೆ.

ಆಗ ಕಂಡರು. ಖಾಲಿ ಕಟ್ಟೆಯ ಮೇಲೆ, ಹೊಟ್ಟೆಗೆ ಚೀಲ ಕಟ್ಟಿಕೊಂಡು, ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುತ್ತಿದ್ದ ಹಾಗೇ ನೆಟ್ಟಗೆ ನಿಂತಿದ್ದರು.

"ಸರಿಯಾದ ಟೈಮಿಗೇ ಬಿಟ್ರು. ಅವರದ್ದೇನೂ ತಪ್ಪಿಲ್ಲ" ಎಂದರು.

"ನೀವು ಯಾಕ್ರೀ ಇಳಿದ್ರಿ?"

"ಹತ್ತಿದ್ದೆ. ನಿನ್ನ ಬಿ.ಪಿ. ಮಾತ್ರೆ ತಗೊಂಡು ಇಳಿದೆ. ರಾತ್ರಿಗೆ ಬೇಕಲ್ಲ." ಚೀಲದಿಂದ ಮಾತ್ರೆಯ ಡಬ್ಬಿ ತೆಗೆದು ನನ್ನ ಕೈಗಿಟ್ಟರು. ಆಮೇಲೆ ದೂರವಾಗುತ್ತಿದ್ದ ಹೊಗೆಗೂಡನ್ನೇ ನೋಡುತ್ತ ಹೇಳಿದರು, "ಆವತ್ತು ನೀನು ಮಗು ಎತ್ಕೊಂಡು ಒಬ್ಬಳೇ ನಿಂತಿದ್ದೆ. ಬಾವುಟ ಎತ್ತಬಾರದಿತ್ತು ಕಣೇ."

ನೆನಪಿತ್ತು ಈ ಪುಣ್ಯಾತ್ಮನಿಗೆ. ಇಷ್ಟು ವರ್ಷವೂ ನೆನಪಿತ್ತು! ಬೈಯಬೇಕೆಂದು ಬಾಯಿ ತೆರೆದವಳು ಮಾತ್ರೆಯ ಡಬ್ಬಿಯನ್ನು ಮತ್ತೆ ಅವರ ಚೀಲಕ್ಕೇ ಹಾಕಿದೆ. ಇವರು ನನ್ನ ನೆಂದ ಬಟ್ಟೆಯ ಅಂಚು ನೋಡಿದರು.

"ನೀರು ಹೇಗಿತ್ತು?"

"ಬೆಚ್ಚಗಿತ್ತು. ಬನ್ನಿ, ತೋರಿಸ್ತೀನಿ."

ಬಸ್ಸು ಇನ್ನೂ ಅಲ್ಲೇ ನಿಂತಿತ್ತು. ಡ್ರೈವರ್ ಬಾಗಿಲು ತೆರೆದಿಟ್ಟುಕೊಂಡು ನಮ್ಮ ಕಡೆಗೇ ನೋಡುತ್ತಿದ್ದ. ಇವರು ಕೈಗಡಿಯಾರ ನೋಡಿಕೊಂಡು ಕೇಳಿದರು, "ಇದು ಎಷ್ಟು ಹೊತ್ತಿಗೆ ಬಿಡುತ್ತೆ?"

"ನಾವು ಹತ್ತಿದ ಮೇಲೆ" ಎಂದೆ.