ತೋಪಿನ ಒಲೆ

ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದಾಗಲೇ ಬೆಂಗಳೂರಿನ ಮಿನಿಬಸ್ಸು ಮಾವಿನ ತೋಪಿನೊಳಗೆ ತಿರುಗಿತು.

"ಸತ್ತ ಮನೆಗೂ ಟೂರಿಸ್ಟಾ?" ದೊಡ್ಡವೆಂಕಟಪ್ಪ ಹಗ್ಗ ಬಿಟ್ಟು ಎದ್ದರು. ತೀರಿಕೊಂಡ ಕದಿರಮ್ಮನಿಗೆ ಅವರು ಭಾವ. "ವಾಣಿಶ್ರೀ, ವಾಪಸ್ ಕಳ್ಸಮ್ಮಾ. ಕದಿರಮ್ಮನ ಜೊತೆಗೇ ಈ ಹೋಟ್ಲು ದಂಧೇನೂ ಮಣ್ಣು ಮಾಡಿಬಿಡೋಣ."

ಬರಬೇಡಿ ಎಂದು ಫೋನ್ ಮಾಡುವುದನ್ನು ಸೊಸೆ ವಾಣಿಶ್ರೀ ಮರೆತಿದ್ದಳು. ಯಲ್ದೂರಿನ ಪಕ್ಕದ ಈ ಊರಿನ ತೋಪಿಗೆ, ದುಡ್ಡು ಕೊಟ್ಟು ಹಳ್ಳಿಯೂಟ ಉಣ್ಣುವ ಅತಿಥಿಗಳನ್ನು ಕರೆತರಲು ಅತ್ತೆ, ಸೊಸೆ ಪಟ್ಟ ಪಾಡು ಅವಳಿಗೇ ಗೊತ್ತು.

"ಅತ್ತೆ ಹಸಿದೋರನ್ನ ಕಳಿಸ್ತಿದ್ರಾ, ದೊಡ್ಡಮಾವ? ಇವತ್ತು ಕಳಿಸಿದ್ರೆ ನಾಳೆ ಯಾರು ಬರ್ತಾರೆ?"

"ಒಲೆ ಹಚ್ಚೋರು ಯಾರು, ಹೇಳು?"

ಅದೂ ನಿಜವೇ. ಬೀದಿಯೆಲ್ಲ ದಾಯಾದಿಗಳದು, ಸೂತಕದಲ್ಲಿ ಯಾರ ಮನೆಯಲ್ಲೂ ಒಲೆ ಹಚ್ಚುವಂತಿಲ್ಲ. ಅನ್ನ ತರಬೇಕಿದ್ದ ಪಕ್ಕದೂರಿನ ಬೀಗರೋ, ಬರಿಗೈಲಿ ಬಂದು ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದರು.

*

ಹೋದ ವರ್ಷ ಇದೇ ತೋಪಿನಲ್ಲಿ ಮೇಘನ ಎಂಬ ಬೆಂಗಳೂರಿನ ಹುಡುಗಿ ಮುದ್ದೆಯನ್ನು ಅಗಿಯುತ್ತ ಕೂತಿದ್ದಳು.

"ನುಂಗೇ! ಹಲ್ಲಿಗೇನು ಕೆಲಸ ಅಲ್ಲಿ?" ಕದಿರಮ್ಮ ನಕ್ಕು, ಮುದ್ದೆ ತಿರುವುವ ಕೋಲನ್ನು ಅವಳ ಕೈಗಿಟ್ಟಿದ್ದಳು. "ಏಳು. ನಮ್ಮಲ್ಲಿ ಉಂಡೋರು ತಿರುವ್ಲೇಬೇಕು. ಗಂಟು ಉಳೀತೋ, ನೀನೇ ತಿನ್ಬೇಕು ಕಣೇ."

ಮೇಘನ ಆ ದಿನ ಬರೀ ಗಂಟನ್ನೇ ಉಂಡಿದ್ದಳು.

*

ಇವತ್ತು ಬಸ್ಸಿನಿಂದ ಮೊದಲು ಇಳಿದವಳೂ ಅವಳೇ. ವಿಷಯ ತಿಳಿದು ಅತ್ತಳು. ಆಮೇಲೆ ಮೂಗೊರೆಸಿಕೊಂಡು ದೊಡ್ಡವೆಂಕಟಪ್ಪನವರ ಮುಂದೆ ನಿಂತಳು.

"ತಾತ, ನಾವ್ಯಾರೂ ದಾಯಾದಿಗಳಲ್ಲ. ನಮಗೆ ಸೂತಕ ಇಲ್ಲ ಅಲ್ವಾ? ತೋಪಿನ ಒಲೆ ನಾವು ಹಚ್ತೀವಿ."

"ಮುದ್ದೆ ಮಾಡಕ್ಕೆ ಬರುತ್ತೇನಮ್ಮಾ?"

"ಕದಿರಮ್ಮಜ್ಜೀನೇ ಬೈದು ಬೈದು ಕಲಿಸಿದಾರೆ."

"ಹಂಗಾದ್ರೆ ಬರುತ್ತೆ ಬಿಡು," ಅಳು ನಿಲ್ಲಿಸಿ ಬೀಗಿತ್ತಿ ಮುನಿಶಾಮಮ್ಮ ಎಂದಾಗ ಹೆಂಗಸರು ಸೆರಗಿನಲ್ಲಿ ನಗು ಮುಚ್ಚಿಕೊಂಡರು.

ಮಣ್ಣು ಮುಗಿಸಿ, ಮಿಂದು ಬರುವಷ್ಟರಲ್ಲಿ ತೋಪಿನಲ್ಲಿ ಹೊಗೆಯೋ ಹೊಗೆ. ಅತಿಥಿಗಳಿಗೆಂದು ಇಟ್ಟಿದ್ದ ಹಿಟ್ಟೆಲ್ಲ ಮುದ್ದೆಯಾಗಿತ್ತು. ಒಂದು ತೆಂಗಿನಕಾಯಿಯಷ್ಟು, ಇನ್ನೊಂದು ನಿಂಬೆಹಣ್ಣಿನಷ್ಟು. ಬಡಿಸಲು ಎದ್ದ ವಾಣಿಶ್ರೀಯನ್ನು ಮೇಘನ ಗದರಿ ಪಂಕ್ತಿಯಲ್ಲಿ ಕೂರಿಸಿದಳು.

ದೊಡ್ಡವೆಂಕಟಪ್ಪ ಹುರುಳಿ ಸಾರಿನಲ್ಲಿ ಅದ್ದಿ ಮೊದಲ ತುತ್ತು ನುಂಗಿದರು. ನಡುವೆಲ್ಲೋ ತಡೆಯಿತು. ಪಂಕ್ತಿಯೇ ಅವರತ್ತ ನೋಡಿತು. ಅವರು ಎರಡು ಗುಟುಕು ನೀರು ಕುಡಿದು ಗಂಟನ್ನು ಒಳಗಿಳಿಸಿದರು.

"ತಿಥಿ ಆದ್ಮೇಲೆ ಇವರನ್ನ ಇನ್ನೊಂದ್ಸಲ ಕರಿಯಮ್ಮಾ, ವಾಣಿಶ್ರೀ. ಕದಿರಮ್ಮ ಪೂರ್ತಿ ಕಲಿಸಿಲ್ಲ."

ಹೇಳುತ್ತಲೇ ಸಾರನ್ನು ಪಕ್ಕಕ್ಕೆ ಸರಿಸಿ, ಎಲೆಯ ಮೇಲೆ ಇನ್ನೊಂದು ಮುದ್ದೆಗೆ ಜಾಗ ಮಾಡಿದರು.